ಬೆಲೆ ಬರೆಯದ ಪಾರ್ಸಲ್‌ಗೆ ಬೆಲೆಯಿಲ್ಲ

ಮಣ್ಣಿನ ಗಡಿಗೆ ಒಡೆಯುತ್ತದೆ, ಗಾಜಿನ ಬಾಟಲಿ ಒಡೆಯುತ್ತದೆ, ಖಡಕ್ ರೊಟ್ಟಿ ಮುರಿಯುತ್ತದೆ. ಇದರಲ್ಲಿ ಹೊಸದೇನೂ ಇಲ್ಲ. ಸಂತೆಗೆ ಹೊರಟ ಚಕ್ಕಡಿಯಲ್ಲೂ ನಾಲ್ಕು ಗಡಿಗೆ ಒಡೆಯುತ್ತಿದ್ದವು. ಆದರೆ ಆಗ ಒಡೆದದ್ದು ಕುಂಬಾರನ ಕಣ್ಣೆದುರೇ ಒಡೆಯುತ್ತಿತ್ತು. ಗಿರಾಕಿ ಗಡಿಗೆಯನ್ನು ಬೆರಳಿನಿಂದ ಬಾರಿಸಿ, ಸದ್ದು ಕೇಳಿ, ಗಟ್ಟಿ ಇದ್ದದ್ದನ್ನೇ ಆರಿಸಿ ಒಯ್ಯುತ್ತಿದ್ದ. ವ್ಯವಹಾರ ಅಲ್ಲಿಗೇ ಮುಗಿಯುತ್ತಿತ್ತು.

ಈಗ ವ್ಯವಹಾರ ಫೋನಿನಲ್ಲಿ ಶುರುವಾಗಿ ಬೆಂಗಳೂರಿನ ಯಾವುದೋ ಮನೆಯ ಬಾಗಿಲಲ್ಲಿ ಮುಗಿಯುತ್ತದೆ. ನಡುವೆ ಆ ಪಾರ್ಸಲ್ ಊರಿನ ಪಿಕಪ್ ಗಾಡಿ, ತಾಲ್ಲೂಕಿನ ಆಫೀಸು, ಬೆಳಗಾವಿಯದೋ ಕೊಲ್ಹಾಪುರದ್ದೋ ಗೋದಾಮು, ದೊಡ್ಡ ಲಾರಿ, ಮತ್ತೊಂದು ಗೋದಾಮು, ಕಡೆಗೆ ಡೆಲಿವರಿ ಹುಡುಗನ ಚೀಲ, ಹೀಗೆ ಐದಾರು ಕೈ ದಾಟುತ್ತದೆ. ಯಾವ ಕೈಯಲ್ಲಿ ಒಡೆಯಿತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ರೊಕ್ಕ ಯಾರದು ಹೋಗುತ್ತದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ಊರಲ್ಲಿ ಕೂತು ಕಳಿಸಿದವರದೇ ಹೋಗುತ್ತದೆ.

ಇದು ಹೀಗೇ ಇರಬೇಕಾಗಿಲ್ಲ ಎಂಬುದು ನಮ್ಮ ಮಾತು. ಒಡೆದ ಸಾಮಾನಿನ ನಷ್ಟವನ್ನು ಹಣೆಬರಹ ಅಂತ ನುಂಗಿಕೊಳ್ಳುವುದನ್ನು ಬಿಡಬೇಕು. ಅದನ್ನು ಲೆಕ್ಕಕ್ಕೆ ತರಬೇಕು, ಕಾಗದಕ್ಕೆ ತರಬೇಕು, ಕೊಡಬೇಕಾದವರನ್ನು ಕೇಳಬೇಕು.

ನಮ್ಮಲ್ಲಿ ಒಡೆಯುವುದು ಏನು?

ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿ ಮಾರುವವರಿಗೆ ಈ ತಲೆನೋವು ಕಡಿಮೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಚಪ್ಪಲಿ ಪಾರ್ಸಲ್‌ನಲ್ಲಿ ಅಮುಕಿದರೂ ಒಡೆಯುವುದಿಲ್ಲ, ನೆನೆಯದಿದ್ದರೆ ಸಾಕು.

ಕಷ್ಟ ಇರುವುದು ಬೇರೆಯವರಿಗೆ. ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ ಮಾಡಿ ಬೆಂಗಳೂರು, ಪುಣೆಗೆ ಕಳಿಸುವ ಹೆಣ್ಣುಮಕ್ಕಳಿಗೆ. ಗಾಣದ ಹತ್ತಿರದಿಂದ ಕಾಕವಿ ತಂದು ಬಾಟಲಿಗೆ ತುಂಬಿ ಮಾರುವವರಿಗೆ. ಉಪ್ಪಿನಕಾಯಿ, ತುಪ್ಪ, ಶೇಂಗಾ ಎಣ್ಣೆ ಮಾರುವವರಿಗೆ. ಬೇಸಿಗೆಯಲ್ಲಿ ನೀರಿನ ಗಡಿಗೆ, ಸಂಕ್ರಾಂತಿಗೆ ಸಣ್ಣ ಮಡಿಕೆ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ದೀಪಾವಳಿಗೆ ಪಣತಿ ಮಾಡುವ ಕುಂಬಾರರಿಗೆ.

ಈ ಮೂರು ತರದ ಸಾಮಾನು ಮೂರು ರೀತಿ ಹಾಳಾಗುತ್ತವೆ. ಗಡಿಗೆ ಒಡೆದರೆ ಪೂರ್ತಿ ಹೋಯಿತು. ಕಾಕವಿ ಬಾಟಲಿ ಒಡೆದರೆ ತಾನೂ ಹೋಗಿ, ಅದೇ ಚೀಲದಲ್ಲಿದ್ದ ಮಂದಿಯ ಬಟ್ಟೆ, ಪುಸ್ತಕಗಳನ್ನೂ ಕೆಡಿಸುತ್ತದೆ. ಕೊರಿಯರ್‌ನವರು ದ್ರವ ಪದಾರ್ಥ ಅಂದ ಕೂಡಲೇ ಮುಖ ತಿರುಗಿಸುವುದು ಇದಕ್ಕೇ. ರೊಟ್ಟಿಯ ಕಥೆ ಇನ್ನೂ ವಿಚಿತ್ರ. ಮುರಿದ ರೊಟ್ಟಿಯನ್ನೂ ತಿನ್ನಬಹುದು, ರುಚಿ ಕಡಿಮೆ ಆಗುವುದಿಲ್ಲ. ನಮ್ಮ ಮನೆಗಳಲ್ಲಿ ಮುರಿದ ರೊಟ್ಟಿಯನ್ನು ಯಾರೂ ಎಸೆಯುವುದಿಲ್ಲ. ಆದರೆ ಗಿರಾಕಿ ಫೋಟೋದಲ್ಲಿ ಕಂಡದ್ದು ದುಂಡಗಿನ ಇಡೀ ರೊಟ್ಟಿ. ರೊಕ್ಕ ಕೊಟ್ಟದ್ದೂ ಅದಕ್ಕೇ. ಅವರು ಸಿಟ್ಟಾದರೆ ಅದು ಸೊಕ್ಕು ಆಗುವುದಿಲ್ಲ.

ಒಂದು ಒಡೆದರೆ ಐದು ಮಾರಬೇಕು

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮ ಅಂಕಿ ಬೇರೆ ಇರಬಹುದು. ಲೆಕ್ಕದ ದಾರಿ ಇದೇ.

ಒಂದು ಮೊಸರಿನ ಗಡಿಗೆಯ ಮಾರಾಟದ ಬೆಲೆ 400 ರೂಪಾಯಿ. ಮಣ್ಣು, ಸುಡುವ ಖರ್ಚು, ಕೂಲಿ ಸೇರಿ 180. ರಟ್ಟಿನ ಬಾಕ್ಸು, ಟೇಪು, ಒಳಗಿನ ತುಂಬುವಸ್ತು 60. ಕೊರಿಯರ್ 90. ಕೈಗೆ ಉಳಿಯುವುದು 70 ರೂಪಾಯಿ.

ಈಗ ಒಂದು ಗಡಿಗೆ ಒಡೆಯಿತು, ಗಿರಾಕಿಗೆ 400 ರೂಪಾಯಿ ವಾಪಸ್ ಕೊಟ್ಟಿರಿ ಅನ್ನಿ. ನಿಮ್ಮ ಕೈಯಿಂದ ಹೋದದ್ದು 180, 60, 90 ಸೇರಿ 330 ರೂಪಾಯಿ. ಅದನ್ನು ತುಂಬಿಕೊಳ್ಳಲು 70 ರೂಪಾಯಿಯಂತೆ ಹತ್ತಿರ ಹತ್ತಿರ ಐದು ಗಡಿಗೆ ಮಾರಬೇಕು. ಆರರಲ್ಲಿ ಒಂದು ಒಡೆದರೆ ಉಳಿದ ಐದರಿಂದ 350 ಬರುತ್ತದೆ, 330 ಹೋಗುತ್ತದೆ, 20 ರೂಪಾಯಿ ಉಳಿಯುತ್ತದೆ. ಐದರಲ್ಲಿ ಒಂದು ಒಡೆದರೆ ಬರುವುದು 280, ಹೋಗುವುದು 330. ಅಂದರೆ ವಾರವೆಲ್ಲ ದುಡಿದು 50 ರೂಪಾಯಿ ಕೈಯಿಂದ ಹಾಕಿದಂತಾಯಿತು.

ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ಇಪ್ಪತ್ತರಲ್ಲಿ ಒಂದು ಒಡೆಯುತ್ತದೆ ಅಂತ ಅನುಭವದಿಂದ ಗೊತ್ತಿದ್ದರೆ, ಆ 330 ರೂಪಾಯಿಯನ್ನು ಉಳಿದ 19ರ ಮೇಲೆ ಹಂಚಿದಾಗ ಗಡಿಗೆಗೆ 17–18 ರೂಪಾಯಿ ಬೀಳುತ್ತದೆ. 400ರ ಗಡಿಗೆಯನ್ನು 418ಕ್ಕೆ ಮಾರಿದರೆ ಒಡೆತದ ಖರ್ಚು ಬೆಲೆಯಲ್ಲೇ ಬಂತು. ಬಟ್ಟೆ ಅಂಗಡಿಯವನು ಮಾಸಿದ ಸೀರೆಯ ಲೆಕ್ಕ ಇಡುತ್ತಾನೆ, ತರಕಾರಿಯವನು ಕೊಳೆತ ಟೊಮೆಟೊ ಲೆಕ್ಕ ಇಡುತ್ತಾನೆ. ಆನ್‌ಲೈನ್ ಮಾರುವ ನಮ್ಮ ಅಕ್ಕ-ತಂಗಿಯರು ಮಾತ್ರ ಒಡೆತವನ್ನು ಬೆಲೆಯಲ್ಲಿ ಸೇರಿಸದೆ ಸಂಘದ ಸಾಲದಿಂದ ತುಂಬಬಾರದು.

ಇದಕ್ಕೆ ಒಂದು ನೋಟ್‌ಬುಕ್ ಸಾಕು. ಎಷ್ಟು ಕಳಿಸಿದಿರಿ, ಎಷ್ಟು ಒಡೆದವು, ಯಾವ ಊರಿಗೆ, ಯಾವ ಕೊರಿಯರ್‌ನಲ್ಲಿ, ಗಡಿಗೆಯ ಕಂಠ ಒಡೆಯಿತೋ ತಳ ಒಡೆಯಿತೋ, ಇಷ್ಟು ಬರೆದಿಡಿ. ಮೂರು ತಿಂಗಳ ಪುಟ ತಿರುವಿದರೆ ತಪ್ಪು ಎಲ್ಲಿದೆ ಅಂತ ನೋಟ್‌ಬುಕ್ಕೇ ಹೇಳುತ್ತದೆ.

ಮೊದಲು ಗಿರಾಕಿಯ ರೊಕ್ಕ

ಒಡೆದ ಪಾರ್ಸಲ್ ಬಂದಾಗ ನಡೆಯುವ ಮಾತು ಹೆಚ್ಚುಕಡಿಮೆ ಹೀಗೇ ಇರುತ್ತದೆ:

"ಅಕ್ಕಾರ, ಗಡಿಗಿ ಒಡದ ಬಂದೈತ್ರಿ. ನನ್ನ ರೊಕ್ಕ ವಾಪಸ್ ಹಾಕ್ರಿ."

"ನಾವ್ ಕಳಸೂಮುಂದ ಚಲೋನ ಇತ್ರಿ. ಒಡದಿದ್ದು ಕೊರಿಯರ್‌ನವ್ರು. ನಾವೇನ್ ಮಾಡೂಣ್ರಿ?"

ಈ ಉತ್ತರ ಕೊಡುವ ಅಕ್ಕ ಸುಳ್ಳು ಹೇಳುತ್ತಿಲ್ಲ. ಆದರೂ ಈ ಉತ್ತರ ಸರಿಯಲ್ಲ. ಗಿರಾಕಿ ಕೊರಿಯರ್‌ನವನನ್ನು ಆರಿಸಿಲ್ಲ, ಬಾಕ್ಸ್ ಕಟ್ಟಿಲ್ಲ, ಚೀಟಿಗೆ ಸಹಿ ಹಾಕಿಲ್ಲ. ಇವೆಲ್ಲ ಕಳಿಸಿದವರ ಕೈಯಲ್ಲಿ ಇದ್ದವು.

ಕಾನೂನೂ ಇದನ್ನೇ ಹೇಳುತ್ತದೆ. 1930ರ ಸರಕು ಮಾರಾಟ ಕಾಯ್ದೆ ಪ್ರಕಾರ, ಸಾಗಿಸುವವನ ಕೈಗೆ ಸಾಮಾನು ಕೊಟ್ಟರೆ ಸಾಮಾನ್ಯವಾಗಿ ಗಿರಾಕಿಗೆ ಕೊಟ್ಟಂತೆಯೇ ಲೆಕ್ಕ. ಬಹಳ ಮಂದಿ ಅರ್ಧ ಓದಿ ಇಲ್ಲಿಗೇ ನಿಲ್ಲಿಸುತ್ತಾರೆ. ಅದೇ ಕಾಯ್ದೆಯ 39ನೇ ಕಲಮು ಮುಂದೆ ಇನ್ನೊಂದು ಮಾತು ಹೇಳುತ್ತದೆ. ಸಾಮಾನಿನ ಗುಣ ನೋಡಿ ಸಾಗಿಸುವವನ ಜತೆ ತಕ್ಕ ಕರಾರು ಮಾಡಿಕೊಳ್ಳುವುದು ಮಾರುವವನ ಕೆಲಸ. ಅದನ್ನು ಮಾಡದೆ ಸಾಮಾನು ಹಾಳಾದರೆ ಗಿರಾಕಿ "ನನಗೆ ಮುಟ್ಟಿಲ್ಲ" ಅನ್ನಬಹುದು. 2020ರ ಇ-ಕಾಮರ್ಸ್ ನಿಯಮಗಳು ಇನ್ನೂ ಬಿಗಿ. ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುವವರು, ದೋಷ ಇರುವ ಅಥವಾ ತೋರಿಸಿದಂತೆ ಇಲ್ಲದ ಸಾಮಾನನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ರೊಕ್ಕ ಕೊಡುವುದಿಲ್ಲ ಅನ್ನುವಂತಿಲ್ಲ.

ಕಾನೂನಿಗಿಂತ ದೊಡ್ಡ ಕಾರಣವೂ ಇದೆ. ಬೆಂಗಳೂರಿನ ಗಿರಾಕಿಗೆ ನಿಮ್ಮ ಮುಖ ಗೊತ್ತಿಲ್ಲ, ಊರಿನ ಹೆಸರಷ್ಟೇ ಗೊತ್ತು. ಒಬ್ಬರು ಜಗಳ ಆಡಿದರೆ "ಆ ಕಡೆಯ ಸಾಮಾನೇ ಬೇಡ" ಎಂಬ ಮಾತು ಹುಟ್ಟುತ್ತದೆ. ಅದು ಪಕ್ಕದ ಓಣಿಯಲ್ಲಿ ಕಷ್ಟಪಟ್ಟು ಮಾರುವ ಇನ್ನೊಬ್ಬಳ ಹೊಟ್ಟೆಗೂ ಹೊಡೆಯುತ್ತದೆ.

ಹಾಗಾಗಿ ನಮ್ಮ ಸಲಹೆ ಇದು. ಗಿರಾಕಿಯಿಂದ ಮೂರು ಫೋಟೋ ಕೇಳಿ. ಹೊರಗಿನ ಬಾಕ್ಸ್ ಒಂದು, ವಿಳಾಸದ ಚೀಟಿ ಒಂದು, ಬಾಕ್ಸಿನೊಳಗೇ ಇರುವ ಒಡೆದ ಸಾಮಾನು ಒಂದು. ಬಂದ ಮೇಲೆ ಅದೇ ದಿನ ರೊಕ್ಕ ವಾಪಸ್ ಹಾಕಿ, ಇಲ್ಲವೇ ಬೇರೆ ಕಳಿಸಿ. ಯಾವುದು ಬೇಕು ಅಂತ ಅವರನ್ನೇ ಕೇಳಿ. ಚೂರುಗಳನ್ನು ವಾಪಸ್ ಕಳಿಸಿ ಅನ್ನಬೇಡಿ, ಅದಕ್ಕೆ ಮತ್ತೆ ಬಾಡಿಗೆ ತೆತ್ತು ಏನು ಮಾಡುತ್ತೀರಿ? ಆದರೆ ನಿಮ್ಮ ದೂರು ಮುಗಿಯುವವರೆಗೆ ಬಾಕ್ಸು, ಚೂರು ಎಸೆಯಬೇಡಿ ಅಂತ ವಿನಂತಿ ಮಾಡಿಕೊಳ್ಳಿ.

ರೊಟ್ಟಿಯ ವಿಷಯದಲ್ಲಿ ಮೊದಲೇ ಮಾತು ಆಡಿಬಿಡುವುದು ಚಲೋ. "25 ರೊಟ್ಟಿಯಲ್ಲಿ ಎರಡು ಮುರಿಯಬಹುದು, ಅದಕ್ಕೇ ಎರಡು ಹೆಚ್ಚು ಇಟ್ಟಿದ್ದೇವೆ" ಅಂತ ಚೀಟಿ ಬರೆದು ಒಳಗೆ ಹಾಕಿ. ಮುರಿದದ್ದನ್ನು ಕಂಡು ಸಿಟ್ಟಾಗುವ ಮೊದಲೇ ಗಿರಾಕಿ ಆ ಚೀಟಿ ಓದುತ್ತಾರೆ. ಎರಡು ರೊಟ್ಟಿಯ ಹಿಟ್ಟಿಗಿಂತ ಒಂದು ಕೆಟ್ಟ ರಿವ್ಯೂ ದುಬಾರಿ.

ಸುಳ್ಳು ಹೇಳುವ ಗಿರಾಕಿಗಳು ಇಲ್ಲವೇ? ಇದ್ದಾರೆ. ಆದರೆ 400 ರೂಪಾಯಿಯ ಗಡಿಗೆಗಾಗಿ ಪ್ರತಿ ಗಿರಾಕಿಯಿಂದಲೂ ಬಾಕ್ಸ್ ಬಿಚ್ಚುವ ವಿಡಿಯೋ ಕೇಳುವುದು ಎಲ್ಲರನ್ನೂ ಕಳ್ಳರ ಸಾಲಿನಲ್ಲಿ ನಿಲ್ಲಿಸಿದಂತೆ. ವಯಸ್ಸಾದವರು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಕತ್ತರಿ ಹಿಡಿದು ವಿಡಿಯೋ ಮಾಡಲಾರರು. ವಿಡಿಯೋ ಷರತ್ತು ಎರಡು–ಮೂರು ಸಾವಿರ ದಾಟಿದ ಸಾಮಾನಿಗೆ ಇರಲಿ. ಅದನ್ನು ಆರ್ಡರ್ ತೆಗೆದುಕೊಳ್ಳುವಾಗಲೇ ಹೇಳಿ.

ಚೀಟಿಯ ಹಿಂಬದಿ ಓದಿದ್ದೀರಾ?

ಗಿರಾಕಿಗೆ ಕೊಟ್ಟಾಯಿತು. ಈಗ ಸಾಗಿಸಿದವರ ಸರದಿ. ಬಹಳಷ್ಟು ಮಂದಿ ಸೋಲುವುದು ಇಲ್ಲೇ. ಆ ಸೋಲು ಪಾರ್ಸಲ್ ಬುಕ್ ಮಾಡಿದ ದಿನವೇ ಶುರುವಾಗಿರುತ್ತದೆ.

ಕೊರಿಯರ್ ಚೀಟಿಯಲ್ಲಿ ಸಾಮಾನಿನ ಬೆಲೆ ಬರೆಯುವ ಜಾಗ ಇರುತ್ತದೆ. ನಾವು ಅದನ್ನು ಖಾಲಿ ಬಿಡುತ್ತೇವೆ. ಅಥವಾ ಕೌಂಟರಿನವನು "100 ಅಂತ ಬರೀರಿ, ಸಾಕು" ಅಂದರೆ ಹಾಗೇ ಬರೆಯುತ್ತೇವೆ. 2,000 ರೂಪಾಯಿಯ ಸಾಮಾನು ಕಾಗದದ ಮೇಲೆ 100 ರೂಪಾಯಿಯದಾಗುತ್ತದೆ. ಒಡೆದ ಮೇಲೆ ಕಂಪನಿಯವರು ತೋರಿಸುವುದು ಅದೇ ಕಾಗದವನ್ನು.

ಈ ಕಾಗದದ ತಾಕತ್ತು ಎಷ್ಟು ಅಂತ ತಿಳಿಯಲು ಒಂದು ಹಳೆಯ ಪ್ರಕರಣ ನೋಡಿ. ಭಾರತಿ ನಿಟ್ಟಿಂಗ್ ಕಂಪನಿ ಎಂಬ ಬಟ್ಟೆ ಕಂಪನಿ ಜರ್ಮನಿಯ ಗಿರಾಕಿಗೆ ಡಿಎಚ್‌ಎಲ್ ಕೊರಿಯರ್ ಮೂಲಕ ಕಾಗದಪತ್ರ ಕಳಿಸಿತ್ತು. ಅದು ಮುಟ್ಟದೆ ಕಂಪನಿಗೆ ಲಕ್ಷಗಟ್ಟಲೆ ನಷ್ಟವಾಯಿತು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಸಹಿ ಹಾಕಿದ ಚೀಟಿಯಲ್ಲಿ "ನಮ್ಮ ಹೊಣೆ 100 ಡಾಲರ್‌ವರೆಗೆ ಮಾತ್ರ" ಎಂಬ ಷರತ್ತು ಇತ್ತು. ಸಹಿ ಹಾಕಿದವರಿಗೆ ಷರತ್ತು ಅನ್ವಯಿಸುತ್ತದೆ ಎಂದು 1996ರಲ್ಲಿ ಕೋರ್ಟ್ ಹೇಳಿತು. ಸಿಕ್ಕದ್ದು ಅಷ್ಟೇ. ದೊಡ್ಡ ಕಂಪನಿಗೇ ಹೀಗಾದರೆ, ಸಣ್ಣ ಅಕ್ಷರ ಓದದೆ ಸಹಿ ಮಾಡುವ ನಮ್ಮ ಗತಿ ಏನು?

ಆದರೆ ಕಾನೂನು ಆಮೇಲೆ ಬದಲಾಗಿದೆ. 1865ರಿಂದ ಇದ್ದ ಹಳೆಯ ಸಾಗಣೆದಾರರ ಕಾಯ್ದೆಯ ಜಾಗದಲ್ಲಿ 2007ರ ರಸ್ತೆ ಸಾಗಣೆ ಕಾಯ್ದೆ ಬಂತು. 2011ರಿಂದ ಅದು ಜಾರಿಯಲ್ಲಿದೆ. ಮನೆ ಬಾಗಿಲಿಗೆ ಸಾಮಾನು ಮುಟ್ಟಿಸುವ ಕೊರಿಯರ್ ಏಜೆನ್ಸಿಗಳೂ ಇದರೊಳಗೆ ಬರುತ್ತವೆ. ನಮಗೆ ಬೇಕಾದ ನಾಲ್ಕು ಮಾತು ಅದರಲ್ಲಿವೆ.

ಒಂದು: ಬೇರೆ ಕರಾರು ಇಲ್ಲದಿದ್ದರೆ ಸಾಗಣೆದಾರನ ಹೊಣೆ ನೀವು ಕೊಟ್ಟ ಬಾಡಿಗೆಯ ಹತ್ತು ಪಟ್ಟಿನವರೆಗೆ. ಆದರೆ ನೀವು ಬರೆದ ಬೆಲೆಯನ್ನು ಅದು ದಾಟುವುದಿಲ್ಲ. 90 ರೂಪಾಯಿ ಬಾಡಿಗೆಗೆ 900 ರೂಪಾಯಿ ಆಯಿತು. 400ರ ಗಡಿಗೆಗೆ ಇದು ಸಾಕು. ಆದರೆ ಚೀಟಿಯಲ್ಲಿ ಬೆಲೆ 100 ಅಂತ ಬರೆದಿದ್ದರೆ ನಿಮ್ಮ ಕೈಯನ್ನು ನೀವೇ ಕಟ್ಟಿಕೊಂಡಂತೆ.

ಎರಡು: ಅದಕ್ಕಿಂತ ಬೆಲೆಬಾಳುವ ಸಾಮಾನು ಇದ್ದರೆ ಹೆಚ್ಚಿನ ಅಪಾಯದ ದರ ಕೊಟ್ಟು ಹೆಚ್ಚಿನ ಹೊಣೆ ಹೊರಿಸಬಹುದು. ಆ ಹೆಚ್ಚಿನ ದರ ಕೇಳಬೇಕಾದರೆ ಸಾಗಣೆದಾರ ತನ್ನ ಅಂಗಡಿಯಲ್ಲಿ ದರದ ಫಲಕ ಹಾಕಿರಬೇಕು. ಆ ಫಲಕ ಇಂಗ್ಲಿಷಿನ ಜತೆಗೆ ರಾಜ್ಯದ ಭಾಷೆಯಲ್ಲೂ ಇರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಗಡಿನಾಡಿನಲ್ಲಿ ಫಲಕಗಳ ಭಾಷೆಗಾಗಿ ನಾವು ಎಷ್ಟು ಹೋರಾಡಿದ್ದೇವೆ! ನಿಮ್ಮ ಊರಿನ ಕೊರಿಯರ್ ಆಫೀಸಿನ ಗೋಡೆಯ ಮೇಲೆ ಕನ್ನಡದಲ್ಲಿ ಬರೆದ ಈ ಫಲಕ ಇದೆಯೇ ಅಂತ ಒಮ್ಮೆ ನೋಡಿ ಬನ್ನಿ.

ಮೂರು: ದಾವೆ ಹೂಡುವುದಾದರೆ ಅದಕ್ಕೂ ಮೊದಲು, ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಫೋನಿನಲ್ಲಿ ಬೈದದ್ದು ನೋಟಿಸ್ ಆಗುವುದಿಲ್ಲ. ಕಂಪನಿಗಳು ತಮ್ಮ ಚೀಟಿಯಲ್ಲಿ ಇನ್ನೂ ಕಡಿಮೆ ದಿನ ಬರೆದಿರುತ್ತವೆ. ಹಾಗಾಗಿ ಸುದ್ದಿ ಬಂದ ದಿನವೇ ಮೇಲ್ ಅಥವಾ ಪತ್ರ ಹಾಕಿ.

ನಾಲ್ಕು: ದಾವೆಯಲ್ಲಿ ಸಾಗಣೆದಾರನ ನಿರ್ಲಕ್ಷ್ಯವನ್ನು ನೀವು ಸಾಬೀತು ಮಾಡಬೇಕಾಗಿಲ್ಲ. ಯಾವ ಗೋದಾಮಿನಲ್ಲಿ ಯಾರು ಎಸೆದರು ಅಂತ ಹಳ್ಳಿಯಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಕಾನೂನು ಆ ಹೊರೆಯನ್ನು ನಿಮ್ಮ ತಲೆಯಿಂದ ಇಳಿಸಿದೆ.

ಅಂಚೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅದಕ್ಕೆ ಅದರದೇ ಕಾನೂನು. ದೇಶದೊಳಗಿನ ಸ್ಪೀಡ್ ಪೋಸ್ಟ್ ಕಳೆದರೆ ಅಥವಾ ಒಳಗಿನ ಸಾಮಾನು ಹಾಳಾದರೆ ಕೊಡುವ ಪರಿಹಾರ ನೀವು ಕೊಟ್ಟ ಶುಲ್ಕದ ಎರಡು ಪಟ್ಟು ಅಥವಾ 1,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಬೆಲೆಬಾಳುವ ಸಾಮಾನಿಗೆ ವಿಮೆ ಮಾಡಿಸುವ ಸೌಲಭ್ಯ ಅಂಚೆಯಲ್ಲಿ ಇದೆ. ಕೌಂಟರಿನಲ್ಲಿ ಕೇಳಿದವರಿಗೆ ಮಾತ್ರ ಅದು ಸಿಗುತ್ತದೆ.

ದೊಡ್ಡ ಆ್ಯಪ್‌ಗಳ ಮೂಲಕ ಮಾರುವವರ ದಾರಿ ಬೇರೆ. ಅಲ್ಲಿ ಕೊರಿಯರ್ ಜತೆ ಕರಾರು ಇರುವುದು ಸಾಮಾನ್ಯವಾಗಿ ಆ್ಯಪ್ ಕಂಪನಿಗೆ, ನಿಮಗಲ್ಲ. ಹಾಗಾಗಿ ನೀವು ಕೇಳಬೇಕಾದದ್ದೂ ಆ್ಯಪ್‌ನಲ್ಲೇ. ಅಮೆಜಾನ್‌ನಲ್ಲಿ ಸೇಫ್-ಟಿ ಕ್ಲೇಮ್, ಫ್ಲಿಪ್‌ಕಾರ್ಟ್‌ನಲ್ಲಿ ಸೆಲ್ಲರ್ ಪ್ರೊಟೆಕ್ಷನ್ ಫಂಡ್ ಎಂಬ ವ್ಯವಸ್ಥೆಗಳಿವೆ. ಇವಕ್ಕೆ ದಿನಗಳ ಗಡುವು ಇರುತ್ತದೆ, ಪ್ಯಾಕ್ ಮಾಡುವಾಗಿನ ಫೋಟೋ, ವಿಡಿಯೋ ಕೇಳುತ್ತಾರೆ. ಗಡುವು ಮುಗಿದ ಮೇಲೆ ಎಷ್ಟು ಅತ್ತರೂ ಪರದೆಯ ಮೇಲೆ ಬಟನ್ನೇ ಇರುವುದಿಲ್ಲ.

ಎಲ್ಲಿಯೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬೆಳಗಾವಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕ ಇಲ್ಲ. "ಇವರು ವ್ಯಾಪಾರಿ, ಗ್ರಾಹಕರಲ್ಲ" ಅಂತ ಕಂಪನಿಯ ವಕೀಲರು ತಕರಾರು ಎತ್ತಬಹುದು. ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆ ಮಾಡುವವರು ನಾವು ಎಂಬುದನ್ನು ದೂರಿನ ಮೊದಲ ಸಾಲಿನಲ್ಲೇ ಬರೆಯಿರಿ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ಕಾನೂನು ನೆರವು ಪುಕ್ಕಟೆ ಸಿಗುತ್ತದೆ, ಅಲ್ಲಿಯೂ ಕೇಳಿ.

ಸ್ಟಿಕ್ಕರ್ ನಂಬಿ ಕೂರಬೇಡಿ

ಗಾಜಿನ ಲೋಟದ ಚಿತ್ರವಿರುವ ಕೆಂಪು ಸ್ಟಿಕ್ಕರ್ ಅಂಟಿಸಿದರೆ ಕೆಲಸ ಮುಗಿಯಿತು ಅಂತ ಬಹಳ ಮಂದಿ ತಿಳಿದಿದ್ದಾರೆ. ಸಾವಿರ ಪಾರ್ಸಲ್‌ಗಳ ರಾಶಿಯಲ್ಲಿ ನಿಂತು ಕೆಲಸ ಮಾಡುವ ಹುಡುಗ ಪ್ರತಿ ಸ್ಟಿಕ್ಕರ್ ಓದುತ್ತಾ ನಿಲ್ಲಲಾರ. ಅವನ ಸಂಬಳ ಎಷ್ಟು ಬೇಗ ಖಾಲಿ ಮಾಡುತ್ತಾನೆ ಎಂಬುದರ ಮೇಲಿದೆ. ಅವನನ್ನು ಬೈದು ಉಪಯೋಗವಿಲ್ಲ. ಪಾರ್ಸಲ್ ಬೀಳುತ್ತದೆ, ಅದರ ಮೇಲೆ ಇನ್ನೊಂದು ಕೂರುತ್ತದೆ ಅಂತ ತಿಳಿದೇ ಕಟ್ಟಬೇಕು.

ಸೊಂಟದ ಎತ್ತರದಿಂದ ಬಿದ್ದರೂ ತಾಳಬೇಕು ಎಂಬುದು ಒಂದು ಸುಲಭ ಅಳತೆ. ಹೊಸ ತರದ ಪ್ಯಾಕಿಂಗ್ ಶುರು ಮಾಡುವ ಮೊದಲು ಒಂದು ಗಡಿಗೆಯನ್ನು ಕಟ್ಟಿ ನೀವೇ ಬೀಳಿಸಿ ನೋಡಿ. ತಳ, ಮೂಲೆ, ಪಕ್ಕ, ಮೂರೂ ಕಡೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಏನೂ ಸದ್ದಾಗಬಾರದು. ಗಡಿಗೆಯ ಒಳಗೂ ಕಾಗದ ತುಂಬಿ, ಕಂಠಕ್ಕೆ ಬೇರೆಯಾಗಿ ಸುತ್ತಿ. ಎರಡು ಗಡಿಗೆ ಒಂದೇ ಬಾಕ್ಸಿನಲ್ಲಿದ್ದರೆ ನಡುವೆ ರಟ್ಟಿನ ಗೋಡೆ ಇರಲಿ. ಗಡಿಗೆ ಒಡೆಯುವುದು ಎಷ್ಟೋ ಸಲ ಇನ್ನೊಂದು ಗಡಿಗೆಗೆ ತಾಗಿಯೇ. ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತಿ, ಒಂದೊಂದು ಬಾಟಲಿಯನ್ನೂ ಪ್ರತ್ಯೇಕ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಕಾಕವಿಯನ್ನು ಗಾಜಿನಲ್ಲೇ ಯಾಕೆ ಕಳಿಸಬೇಕು ಅಂತಲೂ ಯೋಚಿಸಿ. ಆಹಾರಕ್ಕೆ ತಕ್ಕ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ನೋಡಲು ಅಷ್ಟು ಚಂದ ಇಲ್ಲದಿರಬಹುದು, ಆದರೆ ಮುಟ್ಟುತ್ತದೆ.

ತುಂಬುವಸ್ತು ನಮ್ಮಲ್ಲಿ ಬೇಕಾದಷ್ಟಿದೆ. ಕಬ್ಬಿನ ರವದಿಯನ್ನು ಹೊಲದಲ್ಲೇ ಸುಡುತ್ತೇವೆ. ಹಿಂದಿನವರು ಗಡಿಗೆಗಳನ್ನು ಹುಲ್ಲಿನ ನಡುವೆ ಇಟ್ಟೇ ಸಾಗಿಸುತ್ತಿದ್ದರು. ಚೆನ್ನಾಗಿ ಒಣಗಿಸಿ, ಝಾಡಿಸಿ, ಸಣ್ಣಗೆ ಕತ್ತರಿಸಿದ ರವದಿ ಮಣ್ಣಿನ ಸಾಮಾನಿಗೆ ಚಲೋ ಮೆತ್ತೆ. ಹಸಿ ಇದ್ದರೆ ಬೂಸ್ಟು ಹಿಡಿಯುತ್ತದೆ, ಹುಳ ಬರುತ್ತದೆ. ತಿನ್ನುವ ಸಾಮಾನಿನ ಹತ್ತಿರ ಮಾತ್ರ ಅದು ಬೇಡ, ಅಲ್ಲಿ ಶುದ್ಧ ಕಾಗದವೇ ಇರಲಿ.

ಇಲ್ಲಿ ಒಂದು ಕಹಿ ಲೆಕ್ಕವೂ ಇದೆ. ಕೊರಿಯರ್‌ನವರು ತೂಕದ ಜತೆಗೆ ಬಾಕ್ಸಿನ ಗಾತ್ರವನ್ನೂ ಅಳೆಯುತ್ತಾರೆ. ಬಹಳ ಕಡೆ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಬಂದ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಬಾಡಿಗೆ. 20 ಸೆಂಟಿಮೀಟರಿನ ಚೌಕ ಬಾಕ್ಸು 1.6 ಕಿಲೋ ಲೆಕ್ಕ. ಸುತ್ತಲೂ 5 ಸೆಂಟಿಮೀಟರ್ ಮೆತ್ತೆ ಹಾಕಲು 30ರ ಬಾಕ್ಸು ತಂದರೆ ಅದು 5.4 ಕಿಲೋ. ಗಡಿಗೆ ಅದೇ, ತೂಕ ಮೂರು ಪಟ್ಟಿಗೂ ಹೆಚ್ಚು. ಹೀಗಾಗಿ ಬಾಕ್ಸಿನ ಅಳತೆ ನೋಡಿ ಗಡಿಗೆಯ ಆಕಾರ ಆರಿಸುವುದು ಜಾಣತನ. ಉದ್ದ ಕಂಠದ ಹೂಜಿಗಿಂತ ಗಿಡ್ಡ ಗಡಿಗೆ, ಒಂದರೊಳಗೊಂದು ಕೂರುವ ಕುಡಿಕೆಗಳು ಕೊರಿಯರ್‌ಗೆ ತಕ್ಕವು. ದೊಡ್ಡ ಹರವಿಯನ್ನು ಸಂತೆಯಲ್ಲೇ ಮಾರಿ. ಎಲ್ಲವೂ ಆನ್‌ಲೈನ್ ಹೋಗಲೇಬೇಕೆಂದು ಹಟ ಬೇಡ.

ಒಡೆಯುವ ಸಾಮಾನಿನಲ್ಲೇ ಬದುಕು ಕಟ್ಟಿಕೊಂಡವರು ನಮ್ಮ ಪಕ್ಕದಲ್ಲೇ ಇದ್ದಾರೆ. ಕಾಗವಾಡ ದಾಟಿದರೆ ಮಿರಜ್. ಅಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಜಿಐ ಸಿಕ್ಕಿತು. ತಂಬೂರಿಯ ಬುಡ ಅಂದರೆ ಒಣಗಿದ ಸೋರೆಬುರುಡೆ. ಒಂದು ಪೆಟ್ಟು ಬಿದ್ದರೆ ಸೀಳುತ್ತದೆ. ದೂರದ ಊರಿಗೆ ಹೊರಟ ತಂಬೂರಿಗೆ ಗಟ್ಟಿ ಪೆಟ್ಟಿಗೆ ಬೇಕೇ ಬೇಕು, ಆ ಪೆಟ್ಟಿಗೆಯ ಬೆಲೆಯನ್ನು ಯಾರೂ ದಾನ ಮಾಡುವುದಿಲ್ಲ. ಗಡಿಗೆಯ ಬಾಕ್ಸಿಗೂ ಅದೇ ನ್ಯಾಯ. ಬಾಕ್ಸು ಸಾಮಾನಿನ ಒಂದು ಭಾಗ.

ಒಬ್ಬರಿಂದ ಆಗದ್ದು

ಇಷ್ಟೆಲ್ಲ ಓದಿ "ಇದನ್ನೆಲ್ಲ ಮಾಡುತ್ತಾ ಕೂತರೆ ರೊಟ್ಟಿ ಬಡಿಯುವುದು ಯಾವಾಗ?" ಅಂತ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಮನೆಗೆಲಸ, ಹೊಲ, ಮಕ್ಕಳ ನಡುವೆ ರಾತ್ರಿ ಹತ್ತಕ್ಕೆ ಪ್ಯಾಕ್ ಮಾಡುವ ಹೆಣ್ಣುಮಗಳ ತಲೆ ಮೇಲೆ ನೋಟಿಸ್, ಕ್ಲೇಮ್, ಗಾತ್ರದ ಲೆಕ್ಕ ಎಲ್ಲ ಹೇರುವುದು ಅನ್ಯಾಯ. ಅದಕ್ಕೇ ಇದು ಒಬ್ಬೊಬ್ಬರ ಕೆಲಸ ಆಗಬಾರದು.

ನಮ್ಮಲ್ಲಿ ಸಂಜೀವಿನಿ ಯೋಜನೆಯ ಸ್ವಸಹಾಯ ಸಂಘಗಳಿವೆ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅವುಗಳ ಒಕ್ಕೂಟ ಇದೆ. ಒಕ್ಕೂಟ ಮೂರು ಕೆಲಸ ಮಾಡಬಹುದು. ಬಾಕ್ಸು, ಟೇಪನ್ನು ಎಲ್ಲರ ಪರವಾಗಿ ಸಗಟಾಗಿ ತರುವುದು ಮೊದಲನೆಯದು. ಒಂದು ಕೋಣೆಯಲ್ಲಿ ಪ್ಯಾಕಿಂಗ್ ಮೇಜು ಹಾಕಿ, ಫೋನು ಬಲ್ಲ ಒಬ್ಬ ಹುಡುಗಿಗೆ ಫೋಟೋ ತೆಗೆಯುವ, ಚೀಟಿ ತುಂಬುವ, ದೂರು ಬರೆಯುವ ಕೆಲಸ ಸಂಬಳಕ್ಕೆ ಕೊಡುವುದು ಎರಡನೆಯದು. ಪಾರ್ಸಲ್‌ಗೆ ಇಷ್ಟು ಅಂತ ಒಡೆತದ ನಿಧಿ ಕೂಡಿಸುವುದು ಮೂರನೆಯದು. ಮೇಲಿನ ಲೆಕ್ಕದಲ್ಲೇ ನೋಡಿದರೆ 100 ಪಾರ್ಸಲ್‌ಗೆ ತಲಾ 18 ರೂಪಾಯಿಯಂತೆ 1,800 ಕೂಡುತ್ತದೆ. ಐದು ಒಡೆದರೆ 1,650 ಹೋಗುತ್ತದೆ. ಒಬ್ಬಳ ತಿಂಗಳ ದುಡಿಮೆಯನ್ನೇ ನುಂಗುವ ನಷ್ಟ, ನೂರು ಪಾರ್ಸಲ್‌ಗೆ ಹಂಚಿದಾಗ ಯಾರಿಗೂ ಭಾರ ಅನ್ನಿಸುವುದಿಲ್ಲ.

ಸರ್ಕಾರದ ಪಾಲೂ ಇದೆ. ವಾಯವ್ಯ ಸಾರಿಗೆಯ ಬಸ್ಸುಗಳಲ್ಲಿ ಪಾರ್ಸಲ್ ಸಾಗಿಸುವ "ನಮ್ಮ ಕಾರ್ಗೋ" 2021ರಲ್ಲಿ ಶುರುವಾಯಿತು. ನೇರ ಬಸ್ಸು ಇರುವ ಊರಿಗೆ ಪಾರ್ಸಲ್ ಕೈ ಬದಲಾಗುವುದು ಕಡಿಮೆ, ಕೈ ಕಡಿಮೆಯಾದಷ್ಟು ಒಡೆತವೂ ಕಡಿಮೆ. ನಮ್ಮ ಐದು ತಾಲ್ಲೂಕಿನ ಬಸ್ ನಿಲ್ದಾಣಗಳಲ್ಲಿ ಈ ಸೇವೆ ಎಲ್ಲಿ ಇದೆ, ದರ ಎಷ್ಟು, ಒಡೆದರೆ ಎಷ್ಟು ಕೊಡುತ್ತಾರೆ ಎಂಬುದನ್ನು ಕನ್ನಡದಲ್ಲಿ ಬರೆದು ಹಾಕಲಿ. ವಿದೇಶಕ್ಕೆ ಕಳಿಸುವವರಿಗಾಗಿ ಅಂಚೆ ಇಲಾಖೆ "ಡಾಕ್ ಘರ್ ನಿರ್ಯಾತ್ ಕೇಂದ್ರ"ಗಳನ್ನು ತೆರೆದಿದೆ. ಬೆಂಗಳೂರಿಗೆ ರೊಟ್ಟಿ ಕಳಿಸುವವರಿಗೂ ತಾಲ್ಲೂಕಿನ ದೊಡ್ಡ ಅಂಚೆ ಕಚೇರಿಯಲ್ಲಿ ಒಂದು ಪ್ಯಾಕಿಂಗ್ ಕೌಂಟರ್ ಯಾಕಿರಬಾರದು? ಸಂಘಗಳಿಗೆ ಮಾರ್ಕೆಟಿಂಗ್ ತರಬೇತಿ ಕೊಡುವ ಅಧಿಕಾರಿಗಳು ಫೋಟೋ ಚಂದ ತೆಗೆಯುವುದನ್ನು ಕಲಿಸುತ್ತಾರೆ. ಒಡೆದಾಗ ದೂರು ಬರೆಯುವುದನ್ನೂ ಅದೇ ತರಬೇತಿಯಲ್ಲಿ ಕಲಿಸಲಿ.

ಇವೆಲ್ಲ ಬರುವವರೆಗೆ ಕಾಯಬೇಕಾಗಿಲ್ಲ. ನಾಳೆ ಕಳಿಸುವ ಪಾರ್ಸಲ್‌ನಿಂದಲೇ ಶುರು ಮಾಡಬಹುದು. ಬಾಕ್ಸು ಮುಚ್ಚುವ ಮೊದಲು ಒಂದು ಫೋಟೋ, ಮುಚ್ಚಿ ಚೀಟಿ ಅಂಟಿಸಿದ ಮೇಲೆ ಒಂದು ಫೋಟೋ ತೆಗೆದುಕೊಳ್ಳಿ. ಕೌಂಟರಿನಲ್ಲಿ ಪೆನ್ನು ಕೈಗೆ ತೆಗೆದುಕೊಂಡು ಬೆಲೆಯ ಜಾಗದಲ್ಲಿ ನಿಜವಾದ ಬೆಲೆ ಬರೆಯಿರಿ. "100 ಬರೀರಿ ಸಾಕು" ಅಂತ ಅವರು ಅಂದರೆ, "ಇದರ ಬೆಲಿ ಅಷ್ಟ ಅಲ್ರಿ" ಅಂತ ಹೇಳಿ. ನಿಮ್ಮ ದುಡಿಮೆಗೆ ಬೆಲೆ ಕಟ್ಟಬೇಕಾದವರು ಮೊದಲು ನೀವೇ.